ಬೆಂಕಿ ಬೇಡಿದ ಶಿಷ್ಯರು



ಕಳೆದ ತಿಂಗಳು ಒಂದು ಭಾನುವಾರ, ಪೂಜೆಯ ನಂತರದ ಧರ್ಮೋಪದೇಶ ತರಗತಿಯಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಫಾದರ್, ಯಾರಾದರೂ ನಮ್ಮ ಶಿಲುಬೆಯನ್ನು ಮುರಿದರೆ ನಾವು ಸುಮ್ಮನೆ ಇರಬೇಕಾ?"

ಅವನು ಮೊಬೈಲಿನಲ್ಲಿ ಒಂದು ಹಳೆಯ ವಿಡಿಯೋ ನೋಡಿದ್ದ. 2008ರಲ್ಲಿ ಮಂಗಳೂರಿನಲ್ಲಿ ನಡೆದದ್ದು. ಅದು ನಡೆದಾಗ ಈ ಹುಡುಗ ಹುಟ್ಟಿಯೇ ಇರಲಿಲ್ಲ. ಆದರೂ ಅವನ ಮುಖ ಕೆಂಪಾಗಿತ್ತು. ಉಳಿದ ಮಕ್ಕಳೆಲ್ಲ ನಮ್ಮನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಗಂಟೆ ಹೊಡೆಯಿತು. "ಮುಂದಿನ ವಾರ ಹೇಳುತ್ತೇವೆ" ಎಂದು ಪುಸ್ತಕ ಮುಚ್ಚಿದೆವು. ನಿಜ ಹೇಳಬೇಕೆಂದರೆ, ಗಂಟೆ ಹೊಡೆದದ್ದು ನಮಗೆ ಒಳ್ಳೆಯದೇ ಆಯಿತು. ಆ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಾವು ನಮ್ಮದೇ ಒಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳಬೇಕಾಗಿತ್ತು.

ಸೆಪ್ಟೆಂಬರ್ 14 ಪವಿತ್ರ ಶಿಲುಬೆಯ ಮಹಿಮೆಯ ಹಬ್ಬ. 2008ರಲ್ಲಿ ಆ ದಿನ ಭಾನುವಾರವಾಗಿತ್ತು. ಆರು ದಿನ ಹಿಂದೆಯಷ್ಟೇ ಮಾತೆ ಮರಿಯಮ್ಮನವರ ಜನನದ ಹಬ್ಬ ಮುಗಿದಿತ್ತು. ಮನೆಮನೆಯಲ್ಲಿ ಹೊಸ ತೆನೆಯ ಊಟ ಆಗಿತ್ತು, ಮಕ್ಕಳು ಮಾತೆಗೆ ಎರಚಿದ ಹೂವಿನ ನೆನಪು ಇನ್ನೂ ಹಸಿಯಾಗಿತ್ತು. ನಾವು ಆಗ ಗುರುದೀಕ್ಷೆ ಪಡೆದು ಹೆಚ್ಚು ದಿನ ಆಗಿರಲಿಲ್ಲ. ತಲಪಾಡಿ ಗಡಿಯ ಈಚೆ, ಕಾಸರಗೋಡಿನ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಸಹಾಯಕ ಗುರುಗಳಾಗಿದ್ದೆವು. 1956ರಲ್ಲಿ ರಾಜ್ಯ ಬೇರೆಯಾದರೂ ಇಲ್ಲಿನ ನಮ್ಮ ಧರ್ಮಕೇಂದ್ರಗಳು ಮಂಗಳೂರು ಧರ್ಮಪ್ರಾಂತ್ಯಕ್ಕೇ ಸೇರಿದವು. ಆದ್ದರಿಂದ ಅಲ್ಲಿ ಬಿದ್ದ ಏಟು ಇಲ್ಲಿಯೂ ನೋಯುತ್ತದೆ.

ಬೆಳಗ್ಗೆ ಎರಡನೆಯ ಪೂಜೆ ಮುಗಿದ ಮೇಲೆ ಫೋನುಗಳು ಬರತೊಡಗಿದವು. ಮಂಗಳೂರಿನ ಮಿಲಾಗ್ರಿಸ್ ಚರ್ಚಿನ ಬಳಿ, ಹಗಲಿರುಳು ಪರಮಪ್ರಸಾದದ ಆರಾಧನೆ ನಡೆಸುವ ಕ್ಲಾರಾ ಸಭೆಯ ಧರ್ಮಭಗಿನಿಯರ ಮಠಕ್ಕೆ ಗುಂಪೊಂದು ನುಗ್ಗಿ, ಶಿಲುಬೆಯನ್ನೂ ಪರಮಪ್ರಸಾದ ಪೆಟ್ಟಿಗೆಯನ್ನೂ ಒಡೆದಿತ್ತು. ಜಿಲ್ಲೆಯ ಬೇರೆ ಕಡೆಗಳಲ್ಲಿಯೂ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾಗಿತ್ತು. ಶಿಲುಬೆಯ ಹಬ್ಬದ ದಿನವೇ ಶಿಲುಬೆ ಮುರಿಯಿತು! ಅದಕ್ಕೆ ಮೂರು ವಾರ ಮೊದಲು, ಆಗಸ್ಟ್ 23ರಂದು, ಒಡಿಶಾದ ಕಂಧಮಾಲಿನಲ್ಲಿ ಸ್ವಾಮಿ ಲಕ್ಷ್ಮಣಾನಂದ ಸರಸ್ವತಿಯವರನ್ನೂ ಅವರ ಜೊತೆಗಿದ್ದ ನಾಲ್ವರನ್ನೂ ಕೊಲ್ಲಲಾಗಿತ್ತು. ಹೊಣೆಯನ್ನು ಮಾವೋವಾದಿಗಳು ಹೊತ್ತರೂ ಸಿಟ್ಟು ಕ್ರೈಸ್ತರ ಮೇಲೆ ತಿರುಗಿ, ಅಲ್ಲಿ ಮನೆಗಳು ಉರಿಯುತ್ತಿದ್ದವು, ಜನ ಕಾಡು ಸೇರಿದ್ದರು. ಆ ಸುದ್ದಿ ಓದಿಯೇ ನಮ್ಮವರ ಮನಸ್ಸು ಬೆಂದಿತ್ತು.

ಸಂಜೆ ಇಪ್ಪತ್ತು ಮೂವತ್ತು ಯುವಕರು ಚರ್ಚಿನ ಅಂಗಳದಲ್ಲಿ ಸೇರಿದರು. ಕಂಪೌಂಡು ಕಟ್ಟಲು ತರಿಸಿದ ಕೆಂಪುಕಲ್ಲಿನ ರಾಶಿ ಅಲ್ಲಿಯೇ ಇತ್ತು. ಒಡೆದ ಚೂರುಗಳನ್ನು ಕೆಲವರು ಒಂದು ಬದಿಗೆ ಕೂಡಿಹಾಕುತ್ತಿದ್ದರು. ನಾವು ಅದನ್ನು ಕಂಡೆವು. ಬೇಡ ಎನ್ನಬೇಕಿತ್ತು. ಅದರ ಬದಲು, "ಬರಲಿ, ಇಲ್ಲಿಗೂ ಬರಲಿ, ನೋಡಿಕೊಳ್ಳೋಣ" ಎಂದುಬಿಟ್ಟೆವು. ಒಂದೇ ಮಾತು. ಮಕ್ಕಳು ಕಾಯುತ್ತಿದ್ದದ್ದು ಆ ಮಾತಿಗೇ. ಗುರುಗಳೇ ಹೇಳಿದ ಮೇಲೆ ಇನ್ನೇನು?

ಆಗ ನಮ್ಮ ವಾರ್ಡಿನ ಹಿರಿಯ ಗುರಿಕಾರರು ಬಂದರು. ಅಡಿಕೆ ತೋಟದ ಕೃಷಿಕ, ಎಪ್ಪತ್ತು ದಾಟಿದವರು. ಅವರು ಯಾರಿಗೂ ಬೈಯಲಿಲ್ಲ. ನೇರವಾಗಿ ಹೋಗಿ ಆ ಕಲ್ಲಿನ ರಾಶಿಯ ಮೇಲೆ ಕುಳಿತರು. "ನಾಳೆ ನಮ್ಮ ತೋಟಕ್ಕೆ ಮದ್ದು ಬಿಡಲು ಬರುವವನು ಯಾರು ಮಕ್ಕಳೇ? ಅವನು ನಮ್ಮ ಜಾತಿಯವನಾ? ನಿನ್ನ ಅಕ್ಕನನ್ನು ನಡುರಾತ್ರಿ ಹೆರಿಗೆಗೆ ಕೊಂಡುಹೋದ ಜೀಪು ಯಾರದ್ದು ಮಾರಾಯ? ಈ ಕಲ್ಲು ಯಾರ ಮೇಲೆ ಎಸೆಯುತ್ತೀರಿ? ಮಂಗಳೂರಿನಲ್ಲಿ ಶಿಲುಬೆ ಮುರಿದವನು ಇಲ್ಲಿಲ್ಲ. ಇಲ್ಲಿರುವುದು ನೆರೆಕರೆಯವರು" ಎಂದರು. ಆಮೇಲೆ ಜಪಸರ ತೆಗೆದರು. ಹುಡುಗರು ಒಬ್ಬೊಬ್ಬರಾಗಿ ಕುಳಿತರು. ಕತ್ತಲಾದ ಮೇಲೆ ಪಕ್ಕದ ಮನೆಯ ಭಟ್ಟರು ಬಂದು, "ಪೊರ್ಬುಗಳೇ, ರಾತ್ರಿ ಇಲ್ಲಿ ಕೂರುವುದಾದರೆ ನಾವೂ ಇಬ್ಬರು ಇರುತ್ತೇವೆ" ಎಂದರು. ಆ ರಾತ್ರಿ ಯಾರೂ ಬರಲಿಲ್ಲ. ಏನೂ ಆಗಲಿಲ್ಲ.

ಎಲ್ಲರೂ ಹೋದ ಮೇಲೆ ಗುರಿಕಾರರು ನಮ್ಮ ಬಳಿ ಬಂದು ಮೆಲ್ಲಗೆ ಹೇಳಿದರು: "ಫಾದರೇ, ಮಕ್ಕಳ ಹೊಟ್ಟೆಯಲ್ಲಿ ಬೆಂಕಿ ಇತ್ತು. ನೀವು ಅದಕ್ಕೆ ಎಣ್ಣೆ ಹೊಯ್ದಿರಿ."

ಏನೂ ಆಗಲಿಲ್ಲ ಎಂದೆವು. ಅದು ಪೂರ್ತಿ ನಿಜವಲ್ಲ. ಆ ಗುಂಪಿನ ಒಬ್ಬ ಯುವಕ ಮರುದಿನ ಮನೆಯಲ್ಲಿ ಯಾರಿಗೂ ಹೇಳದೆ ಬಸ್ಸು ಹತ್ತಿ ಮಂಗಳೂರಿಗೆ ಹೋದ. ಅಲ್ಲಿ ಪ್ರತಿಭಟನೆ ನಡೆದಿತ್ತು. ಬಹುತೇಕರು ಶಾಂತಿಯಿಂದ ಸೇರಿದ್ದರು, ಕೆಲವು ಕಡೆ ಕಲ್ಲು ತೂರಾಟವೂ ಲಾಠಿ ಏಟೂ ನಡೆದವು. ನಮ್ಮ ಹುಡುಗ ಒಂದು ಕಲ್ಲು ಎಸೆದ. ಕೈಗೆ ಲಾಠಿಯ ಏಟು ಬಿತ್ತು, ಹೆಸರಿನ ಮೇಲೆ ಕೇಸು ಬಿತ್ತು. ಮುಂದೆ ಗಲ್ಫಿನ ಕೆಲಸಕ್ಕೆ ಪೊಲೀಸ್ ಪತ್ರ ಬೇಕಾದಾಗ ಆ ಕೇಸು ಅಡ್ಡ ಬಂತು. ಮನೆಗೆ ಹಂಚು ಹಾಕಿಸಬೇಕೆಂದಿದ್ದ ತಾಯಿ ಮತ್ತೆ ನಾಲ್ಕು ಮಳೆಗಾಲ ಸೋರುವ ಮಾಡಿನ ಕೆಳಗೆ ಕಳೆದರು. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ನಮ್ಮ ಆ ಒಂದು ಮಾತು ಅವನ ಕಿವಿಯಲ್ಲಿತ್ತೇ ಎಂದು ನಾವು ಕೇಳಿದಾಗ ಅವನು, "ಬಿಡಿ ಫಾದರ್, ಹಳೆಯ ಮಾತು" ಎಂದ. ಇಲ್ಲ ಎನ್ನಲಿಲ್ಲ.

ಪ್ರಿಯರೇ, ನಮಗೆ ಸಮಾಧಾನ ಕೊಡುವ ಒಂದು ಸಂಗತಿ ಇದೆ. ಈ ಬೆಂಕಿ ನಮ್ಮಲ್ಲೇ ಮೊದಲು ಹುಟ್ಟಿದ್ದಲ್ಲ, ಪ್ರೇಷಿತರಲ್ಲಿಯೂ ಇತ್ತು. ಸಂತ ಲೂಕರ ಶುಭಸಂದೇಶದ ಒಂಬತ್ತನೆಯ ಅಧ್ಯಾಯವನ್ನು ತೆರೆದು ನೋಡಿರಿ. ಯೇಸುಸ್ವಾಮಿ ಜೆರುಸಲೇಮಿನ ದಾರಿಯಲ್ಲಿದ್ದಾರೆ. ದಾರಿಯಲ್ಲಿ ಸಮಾರಿಯದ ಒಂದು ಹಳ್ಳಿ. ಯೆಹೂದ್ಯರಿಗೂ ಸಮಾರಿಯದವರಿಗೂ ತಲೆತಲಾಂತರದ ಜಗಳ. ದೇವರನ್ನು ಎಲ್ಲಿ ಆರಾಧಿಸಬೇಕು, ಯಾವ ಬೆಟ್ಟ ಪವಿತ್ರ, ಯಾರ ಪದ್ಧತಿ ಶುದ್ಧ ಎಂಬ ಜಗಳ. ಇಂದಿನ ಮಾತಿನಲ್ಲಿ ಹೇಳುವುದಾದರೆ ಸಂಸ್ಕೃತಿಯ ಸಂಘರ್ಷ. ಜೆರುಸಲೇಮಿಗೆ ಹೋಗುವವರಿಗೆ ಇಲ್ಲಿ ಜಾಗವಿಲ್ಲ ಎಂದು ಆ ಹಳ್ಳಿ ಬಾಗಿಲು ಮುಚ್ಚಿತು. ಆಗ ಯಕೋಬ ಮತ್ತು ಯೊವಾನ್ನ, ಆಕಾಶದಿಂದ ಬೆಂಕಿ ಇಳಿಸಿ ಈ ಹಳ್ಳಿಯನ್ನು ಸುಟ್ಟುಬಿಡೋಣವೇ ಎಂದು ಸ್ವಾಮಿಯನ್ನು ಕೇಳಿದರು.

ಗಮನಿಸಿರಿ, ಅವರು ಕೆಟ್ಟವರಲ್ಲ. ಗುರುವಿಗೆ ಆದ ಅವಮಾನ ಅವರಿಗೆ ತಡೆಯಲಿಲ್ಲ. ಪ್ರೀತಿಯಿಂದಲೇ ಬೆಂಕಿ ಬೇಡಿದರು. ಹಿಂಸೆ ಎಷ್ಟೋ ಸಲ ಹೀಗೇ ಬರುತ್ತದೆ. ದ್ವೇಷದ ಹೆಸರು ಹೇಳಿಕೊಂಡು ಅದು ಬರುವುದಿಲ್ಲ. ಧರ್ಮದ ಮೇಲಿನ ಪ್ರೀತಿ, ಭಾಷೆಯ ಮೇಲಿನ ಪ್ರೀತಿ, ಊರಿನ ಮೇಲಿನ ಪ್ರೀತಿ ಎಂದು ಹೇಳಿಕೊಂಡು ಬರುತ್ತದೆ. ಮಠದ ಶಿಲುಬೆ ಮುರಿದವರೂ ತಮ್ಮ ದೇವರ ಗೌರವ ಕಾಯುತ್ತಿದ್ದೇವೆ ಎಂದೇ ನಂಬಿದ್ದರು. ಯೇಸುಸ್ವಾಮಿ ತಮ್ಮನ್ನು ಹೊರಗಟ್ಟಿದ ಹಳ್ಳಿಯನ್ನು ಗದರಿಸಲಿಲ್ಲ. ತಮ್ಮ ಪರವಾಗಿ ಮಾತಾಡಿದ ಶಿಷ್ಯರನ್ನು ಗದರಿಸಿದರು. ಆಮೇಲೆ ಬೇರೆ ಹಳ್ಳಿಗೆ ನಡೆದರು.

ಹಾಗಾದರೆ ಆ ಹುಡುಗನಿಗೆ "ಹೌದು ಮಗು, ಸುಮ್ಮನಿರು" ಎನ್ನಬೇಕೇ? ಇಲ್ಲ. ಈ ತಪ್ಪನ್ನೂ ನಮ್ಮಲ್ಲಿ ಹಲವರು ಮಾಡುತ್ತಾರೆ. ಒಂದು ಕೆನ್ನೆಗೆ ಹೊಡೆದವನಿಗೆ ಮತ್ತೊಂದನ್ನು ತೋರಿಸಲು ಕಲಿಸಿದ ಯೇಸುಸ್ವಾಮಿ, ಪ್ರಧಾನ ಯಾಜಕನ ಎದುರು ಕಾವಲಿನವನು ತಮ್ಮ ಕೆನ್ನೆಗೆ ಹೊಡೆದಾಗ ಏನು ಮಾಡಿದರು? ತಿರುಗಿ ಹೊಡೆಯಲಿಲ್ಲ, ಬಾಯಿ ಮುಚ್ಚಿಕೊಂಡೂ ಇರಲಿಲ್ಲ. ತಾವು ಹೇಳಿದ್ದರಲ್ಲಿ ತಪ್ಪೇನಿದೆ ತೋರಿಸು, ತಪ್ಪಿಲ್ಲದಿದ್ದರೆ ಏಕೆ ಹೊಡೆದೆ ಎಂದು ನೇರವಾಗಿ ಕೇಳಿದರು. ಸಂತ ಪೌಲರು ತಮ್ಮನ್ನು ಕೋರಡೆಯಿಂದ ಹೊಡೆಯಲು ಕಟ್ಟಿದಾಗ ತಾನು ರೋಮಿನ ಪ್ರಜೆ ಎಂದು ಕಾನೂನು ಹೇಳಿದರು. ನ್ಯಾಯ ಸಿಗದಾಗ ಚಕ್ರವರ್ತಿಗೇ ಮೇಲ್ಮನವಿ ಹಾಕಿದರು. ಕಲ್ಲು ಎಸೆಯದಿರುವುದು ಒಂದು. ಅನ್ಯಾಯವನ್ನು ಅನ್ಯಾಯ ಎನ್ನದಿರುವುದು ಇನ್ನೊಂದು. ಮೊದಲನೆಯದು ಕ್ರೈಸ್ತ ಗುಣ. ಎರಡನೆಯದು ಅಂಜಿಕೆ.

ಕಂಧಮಾಲಿನ ವಿಷಯದಲ್ಲಿ ನಮ್ಮ ಧರ್ಮಸಭೆ ಈ ಪೌಲರ ದಾರಿಯನ್ನೇ ಹಿಡಿಯಿತು. 2008ರ ಆಗಸ್ಟ್ 29ರಂದು ದೇಶದ ಕಥೋಲಿಕ ಶಾಲೆ ಕಾಲೇಜುಗಳು ಬಾಗಿಲು ಮುಚ್ಚಿ ಶಾಂತಿಯಿಂದ ಪ್ರತಿಭಟಿಸಿದವು. ಆಗಿನ ಮಹಾಧರ್ಮಾಧ್ಯಕ್ಷ ರಫಾಯೆಲ್ ಚೀನತ್ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ವರ್ಷಗಟ್ಟಲೆ ಕಾದರು. 2016ರ ಆಗಸ್ಟ್ 2ರಂದು ನ್ಯಾಯಾಲಯವು ಸಂತ್ರಸ್ತರಿಗೆ ಹೆಚ್ಚಿನ ಪರಿಹಾರ ಕೊಡಬೇಕೆಂದೂ, ಮುಚ್ಚಿಹೋಗಿದ್ದ 315 ಪ್ರಕರಣಗಳನ್ನು ಮತ್ತೆ ಪರಿಶೀಲಿಸಬೇಕೆಂದೂ ಆದೇಶಿಸಿತು. ಅದಾದ ಎರಡು ವಾರದೊಳಗೆ ಮಹಾಧರ್ಮಾಧ್ಯಕ್ಷರು ತೀರಿಕೊಂಡರು. ಎಂಟು ವರ್ಷ ದೀರ್ಘ ಕಾಲ, ಸಿಕ್ಕಿದ ನ್ಯಾಯವೂ ಪೂರ್ಣವಲ್ಲ. ಮಂಗಳೂರಿನ ದಾಳಿಗಳ ಬಗ್ಗೆ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಸೋಮಶೇಖರ ಆಯೋಗದ 2011ರ ಅಂತಿಮ ವರದಿಯಂತೂ ನಮ್ಮವರಿಗೆ ಸಮಾಧಾನ ತರಲಿಲ್ಲ. ಆದರೂ ಕಾನೂನಿನ ದಾರಿಯಲ್ಲಿ ನಡೆದವನ ಕೈಯಲ್ಲಿ ರಕ್ತ ಇರುವುದಿಲ್ಲ. ಅವನ ಮಕ್ಕಳು ತಲೆ ತಗ್ಗಿಸಬೇಕಾಗಿಲ್ಲ.

ಕ್ಷಮೆ ಮತ್ತು ಕಾನೂನು ಒಟ್ಟಿಗೆ ಹೋಗಲು ಸಾಧ್ಯವೇ ಎಂದು ಕೆಲವರು ಕೇಳುತ್ತಾರೆ. ನಮ್ಮ ಕೇರಳದ ಮಗಳೇ ಆದ ಧನ್ಯ ರಾಣಿ ಮರಿಯಾ ಅವರ ಕಥೆಯನ್ನು ಮನೆಯಲ್ಲಿ ಮಕ್ಕಳಿಗೆ ಹೇಳಿರಿ. ಎರ್ನಾಕುಲಂ ಜಿಲ್ಲೆಯ ಪುಲ್ಲುವಳಿಯವರು, ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯ ಧರ್ಮಭಗಿನಿ. ಮಧ್ಯಪ್ರದೇಶದ ಉದಯನಗರದಲ್ಲಿ ಬಡ ಆದಿವಾಸಿ ರೈತರಿಗೆ ಬ್ಯಾಂಕಿನ ಸಾಲ ಸಿಗುವಂತೆ, ಬಡ್ಡಿ ವ್ಯಾಪಾರದವರ ಹಿಡಿತದಿಂದ ಬಿಡಿಸಿಕೊಳ್ಳುವಂತೆ ದುಡಿದರು. ಅದು ಉಳ್ಳವರಿಗೆ ಸಹಿಸಲಿಲ್ಲ. 1995ರ ಫೆಬ್ರವರಿ 25ರಂದು ಇಂದೋರಿನ ಕಡೆಗೆ ಹೊರಟ ಬಸ್ಸಿನಲ್ಲಿ, ಜನರ ಕಣ್ಣೆದುರೇ, ಸಮುಂದರ್ ಸಿಂಗ್ ಎಂಬ ಯುವಕ ಅವರನ್ನು ಐವತ್ತಕ್ಕೂ ಹೆಚ್ಚು ಬಾರಿ ಇರಿದು ಕೊಂದ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

2002ರ ರಕ್ಷಾಬಂಧನದ ದಿನ ರಾಣಿ ಮರಿಯಾ ಅವರ ಸ್ವಂತ ತಂಗಿ, ಅದೇ ಸಭೆಯ ಸಿಸ್ಟರ್ ಸೆಲ್ಮಿ ಪೌಲ್, ಸೆರೆಮನೆಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಅಕ್ಕನನ್ನು ಇರಿದ ಅದೇ ಕೈ! ಅವನನ್ನು ಬಿಡುಗಡೆ ಮಾಡಬೇಕೆಂದು ಮನೆಯವರೂ ಸಭೆಯವರೂ ಸರಕಾರಕ್ಕೆ ಬೇಡಿಕೊಂಡರು. ಹನ್ನೊಂದು ವರ್ಷದ ನಂತರ, 2006ರಲ್ಲಿ ಅವನು ಹೊರಬಂದ. ಮರುವರ್ಷ ಪುಲ್ಲುವಳಿಗೆ ಬಂದಾಗ ವೃದ್ಧ ತಾಯಿ ಅವನ ಕೈಗಳನ್ನು ಹಿಡಿದು ಮುತ್ತಿಟ್ಟರು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯರ ಪಟ್ಟಕ್ಕೆ ಏರಿಸಿದಾಗ ಅವನೂ ಅಲ್ಲಿದ್ದ.

ಇಲ್ಲಿ ಒಂದನ್ನು ಮರೆಯಬೇಡಿರಿ. ನ್ಯಾಯಾಲಯ ತನ್ನ ಕೆಲಸ ಮಾಡಿತ್ತು. ನಡೆದದ್ದು ಕೊಲೆ ಎಂದು ಎಲ್ಲರೂ ಒಪ್ಪಿದ್ದರು. ಕ್ಷಮೆ ಸುಳ್ಳಿನ ಮೇಲೆ ನಿಲ್ಲಲಿಲ್ಲ, ಸತ್ಯದ ಮೇಲೆ ನಿಂತಿತು. ಇನ್ನೊಂದು, ಆ ಕ್ಷಮೆಗೆ ಏಳು ವರ್ಷ ಬೇಕಾಯಿತು. ಆದ್ದರಿಂದ ಮನೆಯಲ್ಲಿ ನೋವು ಅನುಭವಿಸಿದವರಿಗೆ "ನಾಳೆಯೇ ಕ್ಷಮಿಸಿಬಿಡು" ಎಂದು ಉಪದೇಶ ಮಾಡಬಾರದು. ಅವರ ಜೊತೆ ಕುಳಿತು ಕಾಯಬೇಕು.

ಈಗ ನಮ್ಮದೇ ಆತ್ಮಪರಿಶೋಧನೆ. ಪಾಪನಿವೇದನೆಗೆ ಹೋಗುವಾಗ ನಾವು ನೆರೆಯವರ ಪಾಪ ಹೇಳುವುದಿಲ್ಲ, ನಮ್ಮದನ್ನು ಹೇಳುತ್ತೇವೆ. 2008ರ ಗಲಾಟೆಗೆ ಒಂದು ನೆಪವಾಗಿದ್ದುದು ಹಿಂದೂ ದೇವರುಗಳನ್ನು ಹೀಯಾಳಿಸುವ 'ಸತ್ಯದರ್ಶಿನಿ' ಎಂಬ ಪುಸ್ತಕ. ಅದು ಕಥೋಲಿಕ ಧರ್ಮಸಭೆಯದ್ದಲ್ಲ. ಬೇಸರ ತಂದ ಪುಸ್ತಕಕ್ಕೆ ಉತ್ತರ ಕೊಡಲು ಕೋರ್ಟು ಇದೆ, ಕಬ್ಬಿಣದ ರಾಡು ಉತ್ತರವಲ್ಲ. ಆದರೂ ನಾವು ಕೇಳಿಕೊಳ್ಳೋಣ: ನೆರೆಯವರ ಕೋಲ, ನೇಮ, ಪೂಜೆಯ ಬಗ್ಗೆ ನಮ್ಮ ಊಟದ ಮೇಜಿನಲ್ಲಿ ಎಂಥ ಮಾತು ಬರುತ್ತದೆ? ಇತರ ಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಕಲಿಸಿತು. ಅದೇ ವರ್ಷ, ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದು ಎಂದೂ ಸಾರಿತು.

ಇತಿಹಾಸವನ್ನೂ ನೋಡೋಣ. ಹದಿನಾರನೆಯ ಶತಮಾನದಲ್ಲಿ ಗೋವೆಯಲ್ಲಿ ಪೋರ್ಚುಗೀಸರು ದೇವಸ್ಥಾನಗಳನ್ನು ಕೆಡವಿದರು. ಕೊಂಕಣಿ ಮಾತಾಡುವ ಹಿಂದೂಗಳು ತಮ್ಮ ದೇವರ ಮೂರ್ತಿಗಳನ್ನು ಹೊತ್ತು ಈ ಕರಾವಳಿಗೆ ಬಂದರು. 1560ರಲ್ಲಿ ಅಲ್ಲಿ ಶುರುವಾದ ಇಂಕ್ವಿಸಿಷನ್ 1812ರವರೆಗೆ ಉಳಿಯಿತು, ಅದರ ಬಿಸಿ ಕ್ರೈಸ್ತರಿಗೂ ತಟ್ಟಿತು. ನಮ್ಮ ಹಿರಿಯರೂ ಗಂಟುಮೂಟೆ ಕಟ್ಟಿ ಇದೇ ದಾರಿಯಲ್ಲಿ ಬಂದರು. ಆ ಮನೆಯವರಿಗೂ ನಮ್ಮ ಮನೆಯವರಿಗೂ ಹಳೆಯ ಊರು ಒಂದೇ. ಸತ್ಯದ ಹೆಸರಿನಲ್ಲಿ ಕ್ರೈಸ್ತರು ಮಾಡಿದ ಹಿಂಸೆಗಾಗಿ ಪೋಪ್ ಸಂತ ಎರಡನೆಯ ಜಾನ್ ಪೌಲ್ 2000ದ ಮಾರ್ಚ್ 12ರಂದು ದೇವರ ಕ್ಷಮೆ ಬೇಡಿದರು. ಅದರಿಂದ ಧರ್ಮಸಭೆ ಚಿಕ್ಕದಾಗಲಿಲ್ಲ.

ಹಾಗೆಯೇ 1784ರಲ್ಲಿ ಟಿಪ್ಪು ಸುಲ್ತಾನ್ ನಮ್ಮ ಪೂರ್ವಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದೂ ಸತ್ಯ. ಆ ಸೆರೆಯಲ್ಲಿ ಸತ್ತವರಿಗಾಗಿ ಪ್ರಾರ್ಥಿಸೋಣ, ಮಕ್ಕಳಿಗೂ ಹೇಳೋಣ. ಆದರೆ ಆ ಲೆಕ್ಕವನ್ನು ಇಂದು ಸೈಕಲಿನಲ್ಲಿ ಮೀನು ತರುವ ಬ್ಯಾರಿಯ ತಲೆಗೆ ಹಾಕುವುದು ಯಾವ ನ್ಯಾಯ? ನಮ್ಮ ಕೆಲವು ವಾಟ್ಸಾಪ್ ಗುಂಪುಗಳಲ್ಲಿ ಅಂಥದ್ದೇ ಸಂದೇಶಗಳು ಸುತ್ತುತ್ತಿವೆ. ಬೆಳಗ್ಗೆ ಬೈಬಲ್ ವಾಕ್ಯ, ಮಧ್ಯಾಹ್ನ ನೆರೆಯ ಧರ್ಮದವರ ಮೇಲೆ ವಿಷ. ಎರಡೂ ಒಂದೇ ಬೆರಳಿನಿಂದ ಹೋಗುತ್ತವೆ. 2008ರಲ್ಲಿ ನಾವು ಅಂಗಳದಲ್ಲಿ ಆಡಿದ ಮಾತು ಮೂವತ್ತು ಜನರಿಗೆ ಕೇಳಿಸಿತು. ಇಂದು ಒಬ್ಬರು ಆಡಿದ್ದು ಮೂರು ಸಾವಿರ ಜನರಿಗೆ ಕೇಳಿಸುತ್ತದೆ. ಯಾರು ಯಾವ ಊರಿನ ಬಸ್ಸು ಹತ್ತಿದರು ಎಂದು ನಮಗೆ ತಿಳಿಯುವುದೂ ಇಲ್ಲ.

ಮನುಷ್ಯ ಬದಲಾಗುವುದಿಲ್ಲ ಎಂದು ಹೇಳಬೇಡಿರಿ. 2008ರಲ್ಲಿ ಬಜರಂಗದಳದ ರಾಜ್ಯ ಸಂಚಾಲಕರಾಗಿದ್ದು, ಚರ್ಚು ದಾಳಿಗಳ ಸಂಬಂಧ ಬಂಧನಕ್ಕೊಳಗಾಗಿದ್ದ ಮಹೇಂದ್ರ ಕುಮಾರ್ ಅವರು ಮುಂದೆ ಆ ಸಂಘಟನೆಯನ್ನು ಬಿಟ್ಟರು. 2020ರಲ್ಲಿ ತೀರಿಕೊಳ್ಳುವವರೆಗೂ ಕೋಮುದ್ವೇಷದ ವಿರುದ್ಧ ಊರೂರು ತಿರುಗಿ ಮಾತಾಡಿದರು. ಆ ದಿನ ಆಕಾಶದಿಂದ ಬೆಂಕಿ ಬಿದ್ದಿದ್ದರೆ ಆ ಮಾತುಗಳನ್ನು ಯಾರು ಆಡುತ್ತಿದ್ದರು?

ಸಮಾರಿಯದ ಕಥೆಗೂ ಒಂದು ಮುಂದಿನ ಭಾಗವಿದೆ, ಎಷ್ಟೋ ಜನ ಅದನ್ನು ಗಮನಿಸುವುದಿಲ್ಲ. ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯದಲ್ಲಿ ಸಮಾರಿಯದವರು ದೇವರ ವಾಕ್ಯವನ್ನು ಸ್ವೀಕರಿಸಿದ ಸುದ್ದಿ ಜೆರುಸಲೇಮಿಗೆ ಬರುತ್ತದೆ. ಅಲ್ಲಿಗೆ ಇಬ್ಬರನ್ನು ಕಳುಹಿಸುತ್ತಾರೆ. ಒಬ್ಬರು ಪೇತ್ರ, ಗೆತ್ಸೆಮನಿ ತೋಪಿನಲ್ಲಿ ಕತ್ತಿ ಹಿರಿದವರು. ಇನ್ನೊಬ್ಬರು ಯೊವಾನ್ನ, ಅದೇ ಸಮಾರಿಯದ ಮೇಲೆ ಬೆಂಕಿ ಬೇಡಿದವರು. ಆ ಇಬ್ಬರೇ ಸಮಾರಿಯದವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ, ಪವಿತ್ರಾತ್ಮರು ಇಳಿದು ಬರುತ್ತಾರೆ. ಯೊವಾನ್ನ ಕೇಳಿದ ಬೆಂಕಿಯನ್ನು ದೇವರು ಕೊಡಲಿಲ್ಲ. ತಮ್ಮ ಬೆಂಕಿಯನ್ನು ಕೊಟ್ಟರು.

ಮರುವಾರದ ತರಗತಿಯಲ್ಲಿ ಆ ಹುಡುಗನಿಗೆ ಇಷ್ಟನ್ನೂ ಹೇಳಿದೆವು, ನಮ್ಮ ತಪ್ಪನ್ನೂ ಸೇರಿಸಿ. "ಸುಮ್ಮನಿರಬೇಡ ಮಗು. ದೂರು ಕೊಡು, ಸಾಕ್ಷಿ ಹೇಳು, ಮುರಿದದ್ದನ್ನು ಮತ್ತೆ ಜೋಡಿಸಿ ನಿಲ್ಲಿಸು. ಕಲ್ಲು ಮಾತ್ರ ಎತ್ತಬೇಡ" ಎಂದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, "ಅದು ಕಷ್ಟ ಫಾದರ್" ಎಂದ. ಹೌದು, ಕಷ್ಟವೇ. ಅವನಿಗೆ ಅರ್ಥವಾಯಿತು ಎಂದು ನಮಗೆ ತಿಳಿದದ್ದು ಆ ಮಾತಿನಿಂದ.

ಈ ತಿಂಗಳು ಪ್ರತಿ ಮನೆಯಲ್ಲಿ ಮೂರು ಕೆಲಸ ಮಾಡೋಣ. ದ್ವೇಷದ ಸಂದೇಶ ಬಂದರೆ ಅದು ನಿಮ್ಮ ಫೋನಿನಲ್ಲಿಯೇ ನಿಲ್ಲಲಿ, ಮುಂದೆ ಹೋಗದಿರಲಿ. ಬೇರೆ ಧರ್ಮದ ಒಂದು ನೆರೆಮನೆಗೆ, ಯಾವ ಕೆಲಸವೂ ಇಲ್ಲದೆ, ಸುಮ್ಮನೆ ಒಮ್ಮೆ ಹೋಗಿ ಕುಳಿತು ಬನ್ನಿ. ಸಂಜೆಯ ಜಪಸರದ ಕೊನೆಯಲ್ಲಿ, ನಮಗೆ ಕೇಡು ಮಾಡಿದ ಒಬ್ಬರ ಹೆಸರು ಹೇಳಿ ಒಂದು 'ನಮೋ ಮರಿಯಾ' ಸೇರಿಸಿರಿ. ಹೆಸರು ಹೇಳಲು ಗಂಟಲು ಕಟ್ಟಿದರೆ ಮನಸ್ಸಿನಲ್ಲಿಯೇ ಹೇಳಿರಿ.

ಆ ಗುರಿಕಾರರು ಈಗ ಇಲ್ಲ. ಅವರು ಕುಳಿತಿದ್ದ ಕಲ್ಲುಗಳಿಂದಲೇ ಚರ್ಚಿನ ಕಂಪೌಂಡು ಕಟ್ಟಿದ್ದೇವೆ. ಅದರ ಆಚೆ ಬದಿ ಭಟ್ಟರ ತೋಟ. ಅಲ್ಲಿಗೆ ದಾಟಲು ಒಂದು ಸಣ್ಣ ಗೇಟು ಬಿಡಬೇಕೆಂದು ಹಟ ಹಿಡಿದವರು ಅವರೇ. ಆ ಗೇಟಿಗೆ ಇಂದಿಗೂ ಬೀಗ ಹಾಕಿಲ್ಲ.

ಶಿಲುಬೆಯ ಮೇಲಿನಿಂದ ತಮ್ಮನ್ನು ಕೊಂದವರಿಗಾಗಿ ಪ್ರಾರ್ಥಿಸಿದ ಪ್ರಭು ನಿಮ್ಮ ಮನೆಗಳನ್ನೂ, ನಿಮ್ಮ ನೆರೆಮನೆಗಳನ್ನೂ ಆಶೀರ್ವದಿಸಲಿ.

ಪ್ರಭುವಿನಲ್ಲಿ ನಿಮ್ಮ,
ಧರ್ಮಕೇಂದ್ರದ ಗುರುಗಳು